ಥಾಣೆಯಲ್ಲಿ ಒಮ್ಮೆ ಇಳಿದು ನೋಡಿ

ಊರಿನಿಂದ ನೆಂಟರು ಬಂದರೆಂದರೆ ಮುಂಬಯಿಯ ಸುತ್ತಮುತ್ತಲಿನ ನಮ್ಮ ಕನ್ನಡಿಗರ ಮನೆಗಳಲ್ಲಿ ಒಂದು ಕಾರ್ಯಕ್ರಮ ತಾನಾಗಿ ಸಿದ್ಧವಾಗುತ್ತದೆ. ಮೊದಲ ದಿನ ಗೇಟ್‌ವೇ ಆಫ್ ಇಂಡಿಯಾ, ತಾಜ್ ಹೋಟೆಲಿನ ಮುಂದೆ ಒಂದು ಫೋಟೋ. ಎರಡನೆಯ ದಿನ ಮಹಾಲಕ್ಷ್ಮಿ, ಸಿದ್ಧಿವಿನಾಯಕ. ಮೂರನೆಯ ದಿನ ಜುಹೂ ಕಡಲತೀರ ಮತ್ತು ಭೇಲ್‌ಪುರಿ. ನಾಲ್ಕನೆಯ ದಿನ ಕಾಲುನೋವು. ಐದನೆಯ ದಿನ ನೆಂಟರು ಊರಿಗೆ ಹೊರಡುತ್ತಾರೆ. ಅವರು ನಮ್ಮ ಮನೆಯಲ್ಲಿ ಮಲಗಿದ್ದರು, ನಮ್ಮ ಮನೆಯಲ್ಲಿ ಉಂಡಿದ್ದರು. ಆದರೆ ನಮ್ಮ ಊರನ್ನು ಮಾತ್ರ ನೋಡಿರುವುದಿಲ್ಲ.

ನಾವು ಡೊಂಬಿವಲಿಗೆ ಬಂದು ಹನ್ನೊಂದು ವರ್ಷಗಳಾದುವು. ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಬೆಳಿಗ್ಗೆ ಗಾಡಿ ಹಿಡಿದು ಮುಂಬಯಿಗೆ ಹೋಗುವುದು, ಸಂಜೆ ಗಾಡಿ ಹಿಡಿದು ಮನೆಗೆ ಬರುವುದು. ದಾರಿಯಲ್ಲಿ ದಿನಕ್ಕೆರಡು ಬಾರಿ ಥಾಣೆ ಬರುತ್ತದೆ. ಥಾಣೆಯೆಂದರೆ ನಮಗೆ ಏನು? ಒಳಗಿದ್ದವರು ನೂಕಿಕೊಂಡು ಇಳಿಯುವ, ಹೊರಗಿದ್ದವರು ನೂಕಿಕೊಂಡು ಹತ್ತುವ ಅರ್ಧ ನಿಮಿಷ. ಅಷ್ಟೆ. ಧಾರವಾಡಕ್ಕೆ ಹೋದಾಗ ಯಾರಾದರೂ ‘ಎಲ್ಲಿರುತ್ತೀರಿ?’ ಎಂದು ಕೇಳಿದರೆ ‘ಮುಂಬಯಿ’ ಎಂದುಬಿಡುತ್ತೇವೆ. ಡೊಂಬಿವಲಿ, ಕಲ್ಯಾಣ, ಥಾಣೆ ಎನ್ನಲು ಏನೋ ಒಂದು ಸಂಕೋಚ. ಮರಾಠಿ ಜನರೂ ಥಾಣೆಯನ್ನು ಕುರಿತು ತಮಾಷೆ ಮಾಡುವುದುಂಟು: ತಲೆ ಕೆಟ್ಟವರನ್ನು ‘ಥಾಣೆಗೆ ಕಳಿಸಬೇಕು’ ಎನ್ನುತ್ತಾರೆ, ಅಲ್ಲಿ ಹಳೆಯದೊಂದು ಮಾನಸಿಕ ರೋಗಿಗಳ ಆಸ್ಪತ್ರೆ ಇರುವುದರಿಂದ. ಇನ್ನೊಂದು ಪ್ರಸಿದ್ಧ ಕಟ್ಟಡ ಸೆರೆಮನೆ. ಹೀಗೆ ಹೆಸರು ಪಡೆದ ಊರನ್ನು ನೋಡಲು ಯಾರನ್ನು ಕರೆದೊಯ್ಯುವುದು?

ನಮ್ಮ ಕಣ್ಣು ತೆರೆಸಿದವಳು ನಮ್ಮ ಅವ್ವ.

ತಂದೆಯವರು ತೀರಿಕೊಂಡ ಮೇಲೆ, ಹೋದ ದೀಪಾವಳಿ ಮುಗಿಸಿಕೊಂಡು, ಅವ್ವನನ್ನು ನಮ್ಮಲ್ಲಿಗೆ ಕರೆತಂದೆವು. ಧಾರವಾಡದ ಸಾಧನಕೇರಿಯ ದಂಡೆಯಲ್ಲಿ ನಲವತ್ತು ವರ್ಷ ಅಡ್ಡಾಡಿದ ಜೀವ ಅದು. ನಾಲ್ಕನೆಯ ಮಾಳಿಗೆಯ ಎರಡು ಕೋಣೆಗಳಲ್ಲಿ ಕಿಟಕಿಯ ಸರಳು ಹಿಡಿದು ಗಾಡಿಗಳನ್ನು ಎಣಿಸುತ್ತ ಕುಳಿತಿತು. ನಾವು ರೂಢಿಯಂತೆ ಗೇಟ್‌ವೇ ತೋರಿಸಿದೆವು, ಜುಹೂ ತೋರಿಸಿದೆವು. ಮರಳಿ ಬಂದ ರಾತ್ರಿ ಅವ್ವ ಹೇಳಿದ್ದು ಒಂದೇ ಮಾತು: “ಗೋಡಿ, ಮಂದಿ, ಗೋಡಿ, ಮಂದಿ. ನೋಡಿ ನೋಡಿ ಕಣ್ಣು ಬ್ಯಾಸತ್ತಾವು. ನನ್ನ ಧಾರವಾಡಕ್ಕ ಬಿಟ್ಟು ಬಾ.” ಅಲ್ಲಿ ಬೀಗ ಹಾಕಿದ ಮನೆ, ಒಬ್ಬಳೇ ಮುದುಕಿ. ಕಳಿಸುವುದು ಹೇಗೆ? ಇಲ್ಲಿಯೇ ಇಟ್ಟುಕೊಂಡರೆ ಆಕೆ ಬಾಡುವುದನ್ನು ನೋಡುವುದು ಹೇಗೆ? ನಮ್ಮ ಮನೆಯವರು, “ಎಲ್ಲಿಯಾದರೂ ನೀರು, ನೆರಳು ಇರುವ ಕಡೆ ಅತ್ತೆಯವರನ್ನು ಕರೆದುಕೊಂಡು ಹೋಗಿ” ಎಂದರು. ಎಲ್ಲಿಗೆ ಎಂಬುದು ತಿಳಿಯಲಿಲ್ಲ. ಕಚೇರಿಯ ಗೆಳೆಯರೊಬ್ಬರು ಥಾಣೆಯವರು. “ನಮ್ಮ ತಳಾವ್‌ಪಾಳಿಗೆ ಕರೆತನ್ನಿ” ಎಂದು ನಕ್ಕರು. ಒಂದು ಭಾನುವಾರ, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ, ನಾವು ಥಾಣೆಯಲ್ಲಿ ನೂಕಿಸಿಕೊಳ್ಳದೆ, ಇಳಿಯಬೇಕೆಂದೇ ಇಳಿದೆವು.

ಸ್ಟೇಷನ್ನಿನ ಪಶ್ಚಿಮಕ್ಕೆ ಹೊರಬಿದ್ದು ಪೇಟೆಯ ಗದ್ದಲವನ್ನು ದಾಟಿ ಕಾಲು ಗಂಟೆ ನಡೆದರೆ ಮಾಸುಂದಾ ಕೆರೆ. ಇದನ್ನೇ ಜನರು ತಳಾವ್‌ಪಾಳಿ ಎನ್ನುತ್ತಾರೆ. ಸುತ್ತ ನಡೆದಾಡುವ ಹಾದಿ, ಕುಳಿತುಕೊಳ್ಳಲು ಕಟ್ಟೆ, ನೀರಿನಲ್ಲಿ ಕಾಲಿನಿಂದ ತುಳಿಯುವ ದೋಣಿಗಳು. ಒಂದು ದಂಡೆಗೆ ಕೋಪಿನೇಶ್ವರನ ಗುಡಿ. ಒಳಗೆ ಬಹು ದೊಡ್ಡ ಲಿಂಗ; ಗರ್ಭಗುಡಿಯ ಕತ್ತಲಲ್ಲಿ ಎಣ್ಣೆದೀಪದ ಬೆಳಕಿಗೆ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ. ಅವ್ವ ಕೈ ಮುಗಿದು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ, “ಅಲ್ಲೋ ತಮ್ಮಾ, ಇಂಥಾ ಕೆರಿ ಬಗಲಾಗ ಇಟ್ಟಕೊಂಡು ನನ್ನ ಆ ಸಮುದ್ರದ ಗದ್ದಲಕ್ಕ ಯಾಕ ಕರಕೊಂಡು ಹೋಗಿದ್ದಿ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಲೇಖನದ ಉದ್ದೇಶವೂ ಇಷ್ಟೆ: ನಿಮಗೂ ಯಾರಾದರೂ ಹೀಗೆ ಕೇಳುವ ಮೊದಲು ನೀವು ಥಾಣೆಯಲ್ಲಿ ಇಳಿಯಬೇಕು.

ಥಾಣೆಗೆ ‘ಕೆರೆಗಳ ಊರು’ ಎಂಬ ಹೆಸರುಂಟು. ಊರ ತುಂಬ ಮೂವತ್ತಕ್ಕೂ ಹೆಚ್ಚು ಕೆರೆಗಳಿವೆ. ಮಾಸುಂದಾ, ಕಚರಾಳಿ, ಸಿದ್ಧೇಶ್ವರ, ಉಪವನ - ಹೀಗೆ ಪ್ರತಿಯೊಂದು ಬಡಾವಣೆಗೂ ತನ್ನದೆನ್ನುವ ಒಂದು ನೀರು. ಕೆಲವು ಶುದ್ಧವಾಗಿವೆ, ಕೆಲವು ಅಷ್ಟಿಲ್ಲ. 2011ರ ಜನಗಣತಿಯಲ್ಲಿಯೇ ಹದಿನೆಂಟು ಲಕ್ಷ ದಾಟಿದ ಊರಿನ ನಡುವೆ ಇಷ್ಟಾದರೂ ಉಳಿದಿರುವುದೇ ದೊಡ್ಡ ಮಾತು.

ಬಿ.ಎ.ಗೆ ನಾವು ಇತಿಹಾಸವನ್ನೇ ಓದಿದವರು. ಆದರೂ ಪುಸ್ತಕದ ‘ಸ್ಥಾನಕ’ವೂ ದಿನಾಲು ಗಾಡಿಯಲ್ಲಿ ಕೂಗುವ ಥಾಣೆಯೂ ಒಂದೇ ಎಂಬುದು ಆ ಕಟ್ಟೆಯ ಮೇಲೆ ಕುಳಿತಾಗಲೇ ಹೊಳೆಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಒಂಬತ್ತನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರಿಗೆ ಈ ಶ್ರೀಸ್ಥಾನಕವೇ ರಾಜಧಾನಿಯಾಗಿತ್ತು. ಅವರು ಮೊದಲು ಯಾರ ಸಾಮಂತರು? ನಮ್ಮ ರಾಷ್ಟ್ರಕೂಟರ ಸಾಮಂತರು. ಥಾಣೆಯ ಪಶ್ಚಿಮಕ್ಕೆ ಕಾಣುವ ಗುಡ್ಡಸಾಲಿನ ಆಚೆಯ ಮಗ್ಗುಲಲ್ಲಿ, ಬೋರಿವಲಿಯ ಕಡೆಯಿಂದ ಹೋಗಬೇಕಾದ ಕಾನ್ಹೇರಿ ಗುಹೆಗಳಿವೆ. ಅಲ್ಲಿ ಕೆತ್ತಿದ ಶಾಸನಗಳಲ್ಲಿ ಶಿಲಾಹಾರ ಪುಲ್ಲಶಕ್ತಿಯ ಹೆಸರಿದೆ. ಅವನ ಒಡೆಯನಾಗಿ ಅಮೋಘವರ್ಷನ ಹೆಸರಿದೆ. ‘ಕವಿರಾಜಮಾರ್ಗ’ ಹುಟ್ಟಿದ್ದು ಯಾವ ನೃಪತುಂಗನ ಆಸ್ಥಾನದಲ್ಲಿಯೋ ಅದೇ ಅಮೋಘವರ್ಷ! ಶಿಲಾಹಾರರ ತಾಮ್ರಪಟಗಳಲ್ಲಿ ಸಂಸ್ಕೃತದ ನಡುನಡುವೆ ಕನ್ನಡದ ಬಿರುದುಗಳು ಬರುತ್ತವೆ. ‘ನನ್ನಿಸಮುದ್ರ’ ಅವುಗಳಲ್ಲೊಂದು. ನನ್ನಿ ಎಂದರೆ ಸತ್ಯ; ಸತ್ಯದ ಸಮುದ್ರ. ಥಾಣೆಯಲ್ಲಿ ಕುಳಿತ ಅರಸನಿಗೆ ಕನ್ನಡದ ಬಿರುದು! ಇದರಿಂದ ಊರು ನಮ್ಮದೆಂದು ಹಕ್ಕು ಸಾಧಿಸಬೇಕಾಗಿಲ್ಲ. ಆದರೆ ಇಲ್ಲಿ ಕನ್ನಡದ ಮಾತು ಕೇಳಿಬಂದದ್ದು ನಮ್ಮ ಉಡುಪಿ ಹೋಟೆಲುಗಳ ಕಾಲದಿಂದಲೇ ಅಲ್ಲ ಎಂಬುದನ್ನು ತಿಳಿದರೆ ಸಾಕು.

ಅದೇ ಶಿಲಾಹಾರರು ಕಟ್ಟಿಸಿದ ಗುಡಿಯೊಂದು ಕಲ್ಯಾಣದ ಆಚೆ ಅಂಬರನಾಥದಲ್ಲಿದೆ. ಶಕ 982, ಎಂದರೆ ಕ್ರಿಸ್ತಶಕ 1060ರ ಶಾಸನ ಅಲ್ಲಿ ಸಿಕ್ಕಿದೆ. ಕರಿಯ ಕಲ್ಲಿನ ಶಿವಾಲಯ. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಹೊರಗೋಡೆಯ ಶಿಲ್ಪಗಳನ್ನು ನೋಡಿದರೆ ಬೇಲೂರು, ಲಕ್ಕುಂಡಿ ನೋಡಿದ ಕಣ್ಣಿಗೂ ತೃಪ್ತಿಯಾಗುತ್ತದೆ. ನಮ್ಮ ಮನೆಯಿಂದ ಕೆಲವೇ ಸ್ಟೇಷನ್ನುಗಳ ದೂರ. ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಎಲ್ಲೆಲ್ಲಿಗೋ ಕರೆದೊಯ್ಯುವ ನಾವು ಇಲ್ಲಿಗೆ ಮಾತ್ರ ಹೋಗಿರಲಿಲ್ಲ.

ಥಾಣೆಯ ಇನ್ನೊಂದು ಹೆಮ್ಮೆ ಮಕ್ಕಳಿಗೆ ಪಾಠದಲ್ಲಿಯೇ ಇದೆ. 1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ರೈಲುಗಾಡಿ ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ಈ ಥಾಣೆಯಲ್ಲಿ. ಹದಿನಾಲ್ಕು ಡಬ್ಬಿಗಳು, ಸುಮಾರು ನಾನೂರು ಆಹ್ವಾನಿತರು, ಎಳೆಯಲು ಮೂರು ಎಂಜಿನುಗಳು, ಹೊರಡುವಾಗ ಇಪ್ಪತ್ತೊಂದು ತೋಪುಗಳ ಗೌರವ. ಮೂವತ್ತನಾಲ್ಕು ಕಿಲೋಮೀಟರು. ಮರುವರ್ಷ ಹಳಿ ಕಲ್ಯಾಣದವರೆಗೆ ಬಂತು. ಅಂದು ನಾನೂರು ಜನರು ಕುಳಿತುಕೊಂಡು ಬಂದ ಹಾದಿಯಲ್ಲಿ ಇಂದು ನಾವು ಸರಳು ಹಿಡಿದು ನಿಂತು ಹೋಗುತ್ತೇವೆ! ಆದರೆ ನಮ್ಮ ಮಗಳಿಗೆ ಇದನ್ನು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಹೇಳಿದಾಗ ಆಕೆ ಹಳಿಗಳನ್ನು ನೋಡಿದ ರೀತಿಯೇ ಬೇರೆಯಾಯಿತು.

ಇನ್ನು ಜನರ ಮಾತು. ಬಗೆಬಗೆಯ ಜನರು ಕೂಡಿ ಬಾಳುವುದನ್ನು ನೋಡಲು ಮುಂಬಯಿಗೇ ಹೋಗಬೇಕೆಂದಿಲ್ಲ. ಕೋಪಿನೇಶ್ವರನ ಗಂಟೆ ಕೇಳುವ ಅದೇ ಮಾಸುಂದಾದ ದಂಡೆಗೆ ಪೋರ್ಚುಗೀಜರ ಕಾಲದ ಪರಂಪರೆಯ ಸಂತ ಯೋಹಾನರ ಇಗರ್ಜಿಯುಂಟು. ಸ್ವಲ್ಪ ದೂರದಲ್ಲಿ ಬೆನೆ ಇಸ್ರೇಲ್ ಯೆಹೂದಿಗಳು 1879ರಲ್ಲಿ ಕಟ್ಟಿಸಿದ ಪ್ರಾರ್ಥನಾಮಂದಿರವುಂಟು. ಹೆಸರಿನ ಅರ್ಥ ‘ಸ್ವರ್ಗದ ಬಾಗಿಲು’. ಪಾರಸಿಗಳ ಅಗ್ಯಾರಿಯುಂಟು, ಮಸೀದಿಗಳುಂಟು. ಕೋಳಿಗಳೂ ಆಗರಿಗಳೂ ಈ ಖಾಡಿಯ ದಡದ ಹಳೆಯ ಒಕ್ಕಲು. ಗುಡ್ಡದ ಮೇಲೆ ವಾರಲಿಗಳು. ವಾಗಳೆ ಎಸ್ಟೇಟಿನ ಕಾರಖಾನೆಗಳ ಕಾಲದಲ್ಲಿ ದೇಶದ ನಾಲ್ಕೂ ಕಡೆಯಿಂದ ಜನ ಬಂದರು. ನಮ್ಮ ತುಳುವರು, ಕುಂದಾಪುರದವರು, ಘಟ್ಟದ ಮೇಲಿನವರು ಎಲ್ಲರೂ ಬಂದರು. ಓದುವ ಹುಚ್ಚಿರುವವರಿಗೆ 1893ರಲ್ಲಿ ಸ್ಥಾಪನೆಯಾದ ಮರಾಠಿ ಗ್ರಂಥ ಸಂಗ್ರಹಾಲಯವಿದೆ. ನಾಟಕದ ಹುಚ್ಚಿರುವವರಿಗೆ ಕೆರೆಯ ಮಗ್ಗುಲಲ್ಲಿಯೇ ಗಡಕರಿ ರಂಗಾಯತನವಿದೆ.

ಹೊಟ್ಟೆಯ ವಿಚಾರವನ್ನೂ ಹೇಳಿಬಿಡುತ್ತೇವೆ. ತಹಸೀಲದಾರರ ಕಚೇರಿಯ ಬಳಿ ‘ಮಾಮಲೇದಾರ ಮಿಸಳ್’ ಎಂದು ಪ್ರಸಿದ್ಧಿ. ಸರಕಾರಿ ಕಚೇರಿಯ ಹೆಸರಿನಿಂದ ಜನರ ಬಾಯಲ್ಲಿ ನೀರೂರುವ ಉದಾಹರಣೆ ಇದೊಂದೇ ಇರಬೇಕು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ; ಇಲ್ಲಿಯ ರಸದ ಕಥೆ ಹಾಗಲ್ಲ. ಕಡಿಮೆ ಖಾರದ್ದು ಎಂದು ಮೊದಲೇ ಹೇಳಿ ತರಿಸಿಕೊಳ್ಳಿ. ಧಾರವಾಡದ ಅಭಿಮಾನದಿಂದ ಹೇಳದೆ ಕುಳಿತ ನಾವು ಕಣ್ಣೀರು ಸುರಿಸಿದೆವು. ಅವ್ವ ಮಾತ್ರ ಪಾವು ಅದ್ದಿಕೊಂಡು ಪೂರ್ತಿ ತಿಂದಳು.

ಈಗ ಹಸಿರಿನ ಕಡೆ ಬರೋಣ. ಸ್ಟೇಷನ್ನಿನಿಂದ ನಗರ ಸಾರಿಗೆಯ ಬಸ್ಸು ಹಿಡಿದರೆ ಉಪವನ ಕೆರೆ. ಅದರ ಹಿಂದೆಯೇ ಏಳುವ ಗುಡ್ಡ ಯೇವೂರು. ಅದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಥಾಣೆಯ ಮಗ್ಗುಲು. ಒಟ್ಟು ನೂರಕ್ಕೂ ಹೆಚ್ಚು ಚದರ ಕಿಲೋಮೀಟರಿನ ಈ ಕಾಡು ಒಂದು ಕಡೆ ಮುಂಬಯಿಯನ್ನೂ ಇನ್ನೊಂದು ಕಡೆ ಥಾಣೆಯನ್ನೂ ತಬ್ಬಿಕೊಂಡಿದೆ. ತೇಗ, ಮುತ್ತುಗ, ಬೂರುಗದ ಮರಗಳು. ಮಾಘ-ಫಾಲ್ಗುಣದಲ್ಲಿ ಮುತ್ತುಗ ಹೂಬಿಟ್ಟಾಗ ಗುಡ್ಡಕ್ಕೆ ಕುಂಕುಮ ಎರಚಿದ ಹಾಗೆ. ಮಳೆಗಾಲದಲ್ಲಿ ಬಂಡೆಬಂಡೆಗೂ ಝರಿ. ಅವ್ವ ಇಲ್ಲಿಗೆ ಬಂದಾಗ, “ದಾಂಡೇಲಿ ಕಡೀ ಕಾಡಿನಂಗ ಐತಲ್ಲ” ಎಂದು ತಾನೇ ಮುಂದೆ ಮುಂದೆ ನಡೆದಳು. ಆದರೆ ನೆನಪಿರಲಿ, ಇದು ನಿಜವಾದ ಕಾಡು, ಚಿರತೆಗಳಿವೆ. ಬೆಳಿಗ್ಗೆ ಹೋಗಿ, ಹೊತ್ತು ಮುಳುಗುವ ಮೊದಲೇ ಇಳಿದುಬಿಡಿ. ಮಳೆಗಾಲದಲ್ಲಿ ಹಳ್ಳಕ್ಕಿಳಿಯುವ ಸಾಹಸ ಬೇಡ. ಘೋಡಬಂದರ ರಸ್ತೆಯ ಓವಳೆಯಲ್ಲಿ ಒಂದು ಚಿಟ್ಟೆಗಳ ತೋಟವೂ ಇದೆ. ಚಿಟ್ಟೆಗೆ ಬೇಕಾದ ಗಿಡ ನೆಟ್ಟು, ಅವು ತಾವಾಗಿ ಬರುವಂತೆ ಮಾಡಿದ್ದಾರೆ. ದಿನಾಲೂ ತೆರೆದಿರುವುದಿಲ್ಲ, ವಿಚಾರಿಸಿ ಹೋಗಬೇಕು.

ಥಾಣೆಯ ಪೂರ್ವಕ್ಕೆ ಖಾಡಿ, ಎಂದರೆ ಒಳನಾಡಿಗೆ ಚಾಚಿದ ಕಡಲ ತೋಳು. ಥಾಣೆಯ ಒಂಬತ್ತು-ಹತ್ತನೆಯ ಪ್ಲಾಟ್‌ಫಾರ್ಮಿನಿಂದ 2004ರಲ್ಲಿ ಆರಂಭವಾದ ಗಾಡಿಯಲ್ಲಿ ಕುಳಿತರೆ ಅದನ್ನು ದಾಟಿ ಐರೋಲಿ, ಘಣಸೋಲಿ, ತುರ್ಭೆ, ವಾಶಿ - ನವಿಮುಂಬಯಿ. ಖಾಡಿಯ ಎರಡೂ ದಡಗಳಲ್ಲಿ ಕಾಂಡ್ಲಾ ಕಾಡು. ಚಳಿಗಾಲ ಬಂತೆಂದರೆ ಇಲ್ಲಿಯ ಕೆಸರಿಗೆ ಸಾವಿರಗಟ್ಟಲೆ ಫ್ಲೆಮಿಂಗೋ ಹಕ್ಕಿಗಳು, ನಮ್ಮ ರಾಜಹಂಸಗಳು, ಇಳಿಯುತ್ತವೆ. ಬೇಸಿಗೆಯ ಕೊನೆಯವರೆಗೂ ಇರುತ್ತವೆ. 2015ರಲ್ಲಿ ಇದನ್ನು ಫ್ಲೆಮಿಂಗೋ ಅಭಯಾರಣ್ಯವೆಂದು ಸಾರಲಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಐರೋಲಿಯ ಕಡಲಜೀವಿಗಳ ಕೇಂದ್ರದಿಂದ ದೋಣಿಯಲ್ಲಿ ಕರೆದೊಯ್ದು ತೋರಿಸುತ್ತಾರೆ. ಭರತ-ಇಳಿತ ನೋಡಿಕೊಂಡು ವೇಳೆ ಗೊತ್ತುಮಾಡುತ್ತಾರಾದ್ದರಿಂದ ಮುಂಚಿತವಾಗಿ ಚೀಟಿ ಪಡೆಯುವುದು ಒಳ್ಳೆಯದು. ಫೆಬ್ರುವರಿಯ ಒಂದು ಬೆಳಿಗ್ಗೆ ಅವ್ವನನ್ನು ಕರೆದೊಯ್ದೆವು. ದೋಣಿ ಹತ್ತಲು ಅಂಜಿದ ಅವ್ವ, ಹಕ್ಕಿಗಳ ಹಿಂಡು ಒಮ್ಮೆಗೆ ಎದ್ದು ರೆಕ್ಕೆಯ ಕೆಂಪು ತೋರಿದಾಗ ದೋಣಿಯಲ್ಲಿರುವುದನ್ನೇ ಮರೆತು ಎದ್ದು ನಿಂತಳು. ದೋಣಿಯವನು ಮರಾಠಿಯಲ್ಲಿ ಗದರಿದ; ಅವ್ವ ಧಾರವಾಡದ ಮರಾಠಿಯಲ್ಲಿ ಉತ್ತರ ಕೊಟ್ಟಳು. ಆಮೇಲೆ ಇಬ್ಬರೂ ದಡ ಮುಟ್ಟುವವರೆಗೆ ಮಾತಾಡಿದರು.

ನವಿಮುಂಬಯಿಯೂ ಬರಿಯ ಕಟ್ಟಡಗಳ ಊರಲ್ಲ. ಮುಂಬಯಿಯ ನೂಕು ಕಡಿಮೆಯಾಗಬೇಕಾದರೆ ಖಾಡಿಯ ಆಚೆ ಹೊಸ ನಗರವನ್ನೇ ಕಟ್ಟಬೇಕೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ್ ಎಂಬ ಮೂವರು 1960ರ ದಶಕದ ನಡುವಿನಲ್ಲಿಯೇ ವಾದಿಸಿದರು. 1970ರಲ್ಲಿ ಸಿಡ್ಕೋ ಸಂಸ್ಥೆ ಹುಟ್ಟಿ ಕೆಲಸ ಆರಂಭವಾಯಿತು. ಎಣಿಸಿದ್ದೆಲ್ಲ ಆಯಿತೆಂದು ಹೇಳಲಾಗದು. ಆದರೆ ಅಗಲವಾದ ಬೀದಿಗಳು, ಇಬ್ಬದಿಯ ಮರಗಳು, ಬಡಾವಣೆಗೊಂದು ಉದ್ಯಾನ, ಖಾರಘರದ ಗುಡ್ಡಗಳು - ಇವುಗಳನ್ನು ನೋಡಿದರೆ ಯೋಚಿಸಿ ಕಟ್ಟಿದ ಊರೆಂಬುದು ತಿಳಿಯುತ್ತದೆ.

ಕಲ್ಯಾಣವೆಂದರೆ ಬಸವಣ್ಣನವರ ಕಲ್ಯಾಣವಲ್ಲ. ಉಲ್ಹಾಸ ನದಿಯ ದಂಡೆಯ ಈ ಕಲ್ಯಾಣ ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ನಾವಿಕರಿಗೆ ಗೊತ್ತಿದ್ದ ಬಂದರು. ಮೊದಲ ಭಾರತೀಯ ಮಹಿಳಾ ವೈದ್ಯರಲ್ಲೊಬ್ಬರಾದ ಆನಂದಿಬಾಯಿ ಜೋಶಿಯವರು 1865ರಲ್ಲಿ ಹುಟ್ಟಿದ ಊರು. ಅವರು 1886ರಲ್ಲಿ ಅಮೆರಿಕದಲ್ಲಿ ವೈದ್ಯ ಪದವಿ ಪಡೆದರು. ದುರ್ಗಾಡಿ ಕೋಟೆಯ ಮೇಲೆ ನಿಂತು ಸಂಜೆ ಖಾಡಿಯನ್ನು ನೋಡಬೇಕು. ನಮ್ಮ ಡೊಂಬಿವಲಿಗೆ ಅಂಥ ಕೋಟೆಯಿಲ್ಲ. ಅದರ ಸಂಪತ್ತು ಸಭೆ, ಸಂಗೀತ, ಯುಗಾದಿಯ ಮೆರವಣಿಗೆ. ಜೊತೆಗೆ ಕರ್ನಾಟಕ ಸಂಘದವರು ನಡೆಸುವ ಮಂಜುನಾಥ ವಿದ್ಯಾಲಯ. ಪರನಾಡಿನಲ್ಲಿ ನಮ್ಮವರು ಒಂದು ಶಾಲೆ ಕಟ್ಟಿ ನಿಲ್ಲಿಸುವುದೆಂದರೆ ಕೋಟೆ ಕಟ್ಟಿದ್ದಕ್ಕೆ ಕಡಿಮೆಯಲ್ಲ.

ಹೀಗೆಂದು ಎಲ್ಲವೂ ಸೊಗಸೆಂದು ಹೇಳಿ ನಿಮ್ಮನ್ನು ಮೋಸಗೊಳಿಸಲಾರೆವು. ಸ್ಟೇಷನ್ನಿನ ನೂಕು ನಿಮಗೇ ಗೊತ್ತು. ಘೋಡಬಂದರ ರಸ್ತೆಯಲ್ಲಿ ಸಂಜೆ ವಾಹನಗಳು ಇರುವೆಯ ಸಾಲಿನಂತೆ ತೆವಳುತ್ತವೆ. ಗುಡ್ಡದ ಬುಡಕ್ಕೆ ನಲವತ್ತು ಮಾಳಿಗೆಯ ಕಟ್ಟಡಗಳೆದ್ದಿವೆ. ಒಂದು ಕಾಲಕ್ಕೆ ಇನ್ನೂ ಹೆಚ್ಚಿದ್ದ ಕೆರೆಗಳಲ್ಲಿ ಹಲವನ್ನು ಊರು ನುಂಗಿದೆ. ಉಳಿದದ್ದಾದರೂ ಉಳಿಯಬೇಕಾದರೆ ಅದನ್ನು ನೋಡುವ, ಪ್ರೀತಿಸುವ ಜನ ಬೇಕು. ಇಲ್ಲಿ ಮಲಗಲು ಮಾತ್ರ ಬರುವ ನಮ್ಮಂಥವರು ಕೆರೆ ತುಂಬಿದರೂ ಕೇಳುವುದಿಲ್ಲ, ಬತ್ತಿದರೂ ಕೇಳುವುದಿಲ್ಲ. ಹನ್ನೊಂದು ವರ್ಷ ನಾವೂ ಕೇಳಲಿಲ್ಲ.

ಆದ್ದರಿಂದ ವಾಚಕರಲ್ಲಿ ಒಂದು ಸಲಹೆ. ಚಳಿಗಾಲದ ಒಂದು ಭಾನುವಾರ, ನಸುಕಿಗೇ ಎದ್ದು, ಬುತ್ತಿ ಕಟ್ಟಿಕೊಂಡು, ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಥಾಣೆಯಲ್ಲಿ ಇಳಿಯಿರಿ. ಮೊದಲು ಯೇವೂರು, ಬಿಸಿಲೇರುವ ಮುಂಚೆ. ಉಪವನದ ದಂಡೆಯಲ್ಲಿ ಬುತ್ತಿ. ಮಧ್ಯಾಹ್ನ ವಿಶ್ರಾಂತಿ. ಇಳಿಹೊತ್ತಿಗೆ ಹಳೆಯ ಪೇಟೆಯ ಓಣಿಗಳು, ಇಗರ್ಜಿ; ದೀಪ ಹಚ್ಚುವ ಹೊತ್ತಿಗೆ ಕೋಪಿನೇಶ್ವರ, ಮಾಸುಂದಾದ ಕಟ್ಟೆ. ಹಕ್ಕಿಗಳಿಗೆ ಇನ್ನೊಂದು ದಿನ, ಅಂಬರನಾಥಕ್ಕೆ ಮತ್ತೊಂದು. ಗಾಡಿಯ ಪಾಸು ಹೇಗೂ ಕಿಸೆಯಲ್ಲಿರುತ್ತದೆ.

ಅವ್ವನ ಕಥೆ ಏನಾಯಿತೆಂದು ನೀವು ಕೇಳಬಹುದು. ಯುಗಾದಿಗೆ ಧಾರವಾಡಕ್ಕೆ ಹೋದಳು. ಮಳೆ ಬರುವ ಮೊದಲು ಹಂಚು ಕೈಯಾಡಿಸಬೇಕಂತೆ. ನಾವು ತಡೆಯಲಿಲ್ಲ. ಆದರೆ ಈ ಸಲ ತನ್ನ ತಂಬಿಗೆಯನ್ನೂ ಶಾಲನ್ನೂ ನಮ್ಮ ಮನೆಯಲ್ಲಿಯೇ ಬಿಟ್ಟಳು. ಗಾಡಿ ಹೊರಡುವಾಗ ಕಿಟಕಿಯಿಂದ, “ಆ ಕೆಂಪು ಹಕ್ಕಿ ಬಂದ ಮ್ಯಾಲೆ ಫೋನು ಮಾಡು, ಬರತೀನಿ” ಎಂದಳು. ಪಕ್ಕದಲ್ಲಿ ಕುಳಿತ ಹೆಂಗಸು, ‘ಮಗ ಎಲ್ಲಿರೋದು, ಮುಂಬಯಿನಾ?’ ಎಂದು ಕೇಳಿದ್ದು ನಮಗೆ ಕೇಳಿಸಿತು.

“ಅಲ್ಲ,” ಎಂದಳು ಅವ್ವ, “ಥಾಣೆ ಕಡೆ. ಕೆರಿ ಅದಾವು ಅಲ್ಲೆ.”